ಪರೀಕ್ಷೆಯೂ ಸಾಕ್ಷಿಯೂ

ಫಿನ್ಲೆಂಡ್ ದೇಶದಲ್ಲಿ ಪ್ರೌಢಶಿಕ್ಷಣವನ್ನು ಮುಗಿಸಿ ವಿಶ್ವವಿದ್ಯಾಲಯದ ಹೊಸ್ತಿಲಿಗೆ ಬಂದು ನಿಲ್ಲುವ ತರುಣ ತರುಣಿಯರಿಗೆ ಒಂದು ರಾಷ್ಟ್ರೀಯ ಪರೀಕ್ಷೆಯುಂಟು. ಹೆಲ್ಸಿಂಕಿಯ ವಿಶ್ವವಿದ್ಯಾಲಯಕ್ಕೆ ಪ್ರವೇಶವನ್ನು ಕೋರುವವರ ಯೋಗ್ಯತೆಯನ್ನು ಅಳೆಯುವುದಕ್ಕಾಗಿ 1852ರಲ್ಲಿ ಏರ್ಪಟ್ಟ ಆ ಪರೀಕ್ಷೆಯು, ಸಾಮ್ರಾಜ್ಯವೊಂದು ಕಳೆದು ಗಣರಾಜ್ಯವೊಂದು ಬಂದರೂ ತನ್ನ ಗೌರವವನ್ನು ಕಳೆದುಕೊಳ್ಳದೆ, ವಸಂತದಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ ಇಂದಿಗೂ ನಡೆದುಬರುತ್ತಿದೆ. ಒಂದೂವರೆ ಶತಮಾನಕ್ಕಿಂತಲೂ ಹೆಚ್ಚು ಕಾಲ ಕಾಗದವನ್ನೂ ಲೇಖನಿಯನ್ನೂ ನಂಬಿದ್ದ ಈ ಪದ್ಧತಿಯನ್ನು 2016ರ ಶರತ್ಕಾಲದಲ್ಲಿ ಕಂಪ್ಯೂಟರಿಗೆ ತಿರುಗಿಸಿದರು. ಎಲ್ಲ ವಿಷಯಗಳನ್ನೂ ಒಮ್ಮೆಗೇ ತಿರುಗಿಸುವ ದುಡುಕಿಗೆ ಹೋಗದೆ, ಮೊದಲು ಜರ್ಮನ್ ಭಾಷೆ, ಭೂಗೋಳ, ತತ್ತ್ವಶಾಸ್ತ್ರ ಎಂಬ ಮೂರನ್ನು ಮಾತ್ರ ಹೊಸ ದಾರಿಗೆ ತಂದು, ಅನಂತರ ಒಂದೊಂದಾಗಿ ಉಳಿದವನ್ನು ಸೇರಿಸುತ್ತ, 2019ರ ವಸಂತದಲ್ಲಿ ಗಣಿತದೊಡನೆ ಆ ಕಾರ್ಯವನ್ನು ಪೂರ್ಣಗೊಳಿಸಿದರು. ಮೊದಲ ಮೂರರಲ್ಲಿ ತತ್ತ್ವಶಾಸ್ತ್ರವೂ ಒಂದಾಗಿದ್ದುದು ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಸಂಗತಿ. ಆ ದಿನ ತತ್ತ್ವಶಾಸ್ತ್ರದ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದ ವಿದ್ಯಾರ್ಥಿಗಳ ಮುಂದಿದ್ದ ಯಂತ್ರವೇ, ಅವರ ಪ್ರಶ್ನೆಪತ್ರಿಕೆಯಲ್ಲಿದ್ದ ಯಾವುದಕ್ಕೂ ಕಡಮೆಯಲ್ಲದ ತತ್ತ್ವಪ್ರಶ್ನೆಯೊಂದನ್ನು ತನ್ನೊಳಗೆ ಹೊತ್ತುಕೊಂಡಿತ್ತು.

ಆ ಯಂತ್ರವು ಬಹುಮಟ್ಟಿಗೆ ವಿದ್ಯಾರ್ಥಿಯ ಸ್ವಂತ ಲ್ಯಾಪ್‌ಟಾಪ್ ಆಗಿರುತ್ತದೆ. ನಿನ್ನೆಯವರೆಗೆ ಅವನು ಪಾಠದ ಟಿಪ್ಪಣಿಗಳನ್ನು ಬರೆದುಕೊಂಡದ್ದು, ಗೆಳೆಯರೊಡನೆ ಹರಟಿದ್ದು, ಗ್ರಂಥಗಳನ್ನು ತಂದು ಕೂಡಿಟ್ಟದ್ದು ಎಲ್ಲವೂ ಅದರಲ್ಲಿಯೇ. ಇಷ್ಟು ಬಲ್ಲ ಸಹಚರನನ್ನು ಪರೀಕ್ಷಾಮಂದಿರದೊಳಕ್ಕೆ ಬಿಟ್ಟುಕೊಂಡು, ಅಲ್ಲಿ ಅವನು ಮೌನವಾಗಿರುವಂತೆ ಮಾಡುವುದು ಹೇಗೆ? ಫಿನ್ಲೆಂಡಿನ ಪರೀಕ್ಷಾಮಂಡಳಿಯವರು ಕಂಡುಕೊಂಡ ಉಪಾಯವೆಂದರೆ, ಯಂತ್ರದ ದೇಹವನ್ನು ಹಾಗೆಯೇ ಇರಿಸಿಕೊಂಡು ಅದರ ಚಿತ್ತವನ್ನು ಮಾತ್ರ ಬದಲಾಯಿಸುವುದು. ವಿದ್ಯಾರ್ಥಿಯ ಕೈಗೆ ಒಂದು ಪೆನ್‌ಡ್ರೈವನ್ನು ಕೊಡುತ್ತಾರೆ. ಲ್ಯಾಪ್‌ಟಾಪು ತನ್ನೊಳಗಿನ ಹಾರ್ಡ್‌ಡಿಸ್ಕಿನಿಂದ ಏಳದೆ ಆ ಪೆನ್‌ಡ್ರೈವಿನಿಂದ ಬೂಟ್ ಆಗುತ್ತದೆ. ಅದರಲ್ಲಿರುವುದು ಡೆಬಿಯನ್ ಲಿನಕ್ಸನ್ನು ಆಧಾರವಾಗಿಟ್ಟುಕೊಂಡು, ಪರೀಕ್ಷೆಗೆ ಬೇಡವಾದುದನ್ನೆಲ್ಲ ಕಳೆದು, ಬೇಕಾದುದನ್ನು ಮಾತ್ರ ಉಳಿಸಿ ಕಟ್ಟಿದ ಒಂದು ಆಪರೇಟಿಂಗ್ ಸಿಸ್ಟಮ್. ಬರೆಯುವುದಕ್ಕೆ ಲಿಬ್ರೆಆಫೀಸ್, ಚಿತ್ರಕ್ಕೆ ಗಿಂಪ್, ಗಣಿತಕ್ಕೆ ಜಿಯೋಜೀಬ್ರ, ಇಂಥ ಸಾಧನಗಳು ಎಲ್ಲರಿಗೂ ಸಮಾನವಾಗಿ ಅದರಲ್ಲಿ ಇರುತ್ತವೆ. ಇಂಟರ್ನೆಟ್ಟಿನ ದಾರಿ ಯಾರಿಗೂ ಇರುವುದಿಲ್ಲ. ಶಾಲೆಗಳು ತಮ್ಮ ಸಾಮಾನ್ಯ ಪರೀಕ್ಷೆಗಳಲ್ಲಿಯೂ ಇದನ್ನು ಬಳಸಿ ಕೈ ಪಳಗಿಸಿಕೊಳ್ಳಲೆಂದು, ಅಬಿಟ್ಟಿ ಎಂಬ ಹೆಸರಿನ ಇದರ ರೂಪವನ್ನು 2015ರಿಂದಲೇ ಅವುಗಳಿಗೆ ಒದಗಿಸಲಾಯಿತು.

ಪೆನ್‌ಡ್ರೈವಿನಿಂದ ಏಳುವ ಇಂಥ ವ್ಯವಸ್ಥೆಗಳು ಫಿನ್ಲೆಂಡಿನಲ್ಲಿ ಹುಟ್ಟಿದುವಲ್ಲ. ಜರ್ಮನಿಯ ಕ್ಲಾಸ್ ಕ್ನಾಪರ್ ಎಂಬಾತನು 2000ದಲ್ಲಿ, ಗಣಕದಲ್ಲಿ ಏನನ್ನೂ ಸ್ಥಾಪಿಸದೆ ಕೇವಲ ಸಿ.ಡಿ.ಯಿಂದಲೇ ನಡೆಯುವ ಕ್ನಾಪಿಕ್ಸ್ ಎಂಬ ಲಿನಕ್ಸನ್ನು ಲೋಕಕ್ಕೆ ಕೊಟ್ಟನು. ಆಸ್ಟ್ರೇಲಿಯದ ಬ್ಯಾರಿ ಕೌಲರನು 2003ರಲ್ಲಿ ಪಪ್ಪಿ ಲಿನಕ್ಸನ್ನು ರಚಿಸಿ, ಇಡೀ ಸಿಸ್ಟಮನ್ನೇ ರ‍್ಯಾಮಿನೊಳಗೆ ಎತ್ತಿಕೊಂಡು ನಡೆಯಿಸುವಷ್ಟು ಅದನ್ನು ಹಗುರಗೊಳಿಸಿ, ಮೂಲೆ ಸೇರಿದ್ದ ಹಳೆಯ ಯಂತ್ರಗಳಿಗೆ ಮರಳಿ ಜೀವ ಬರುವಂತೆ ಮಾಡಿದನು. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಬೆಳೆದ ಲೆರ್ನ್‌ಸ್ಟಿಕ್ ಎಂಬುದೂ ಇದೇ ಕುಲದ್ದು. ಅದರಲ್ಲಿಯೂ ಪರೀಕ್ಷೆಗೆಂದೇ ಮೀಸಲಾದ ಒಂದು ರೂಪವಿದೆ. ಇವುಗಳ ರಚನೆಯ ಮರ್ಮ ಒಂದೇ. ಮೂಲವ್ಯವಸ್ಥೆಯು ಓದುವುದಕ್ಕೆ ಮಾತ್ರ ದೊರೆಯುವಂತೆ, ಅದುಮಿ ಕಟ್ಟಿದ ಒಂದು ಗಂಟಾಗಿ ಪೆನ್‌ಡ್ರೈವಿನಲ್ಲಿರುತ್ತದೆ. ಅದರ ಮೇಲೆ ರ‍್ಯಾಮಿನಲ್ಲಿ ತೆಳುವಾದ ಮತ್ತೊಂದು ಪದರವನ್ನು ಹಾಸಿ, ಬದಲಾವಣೆಗಳೆಲ್ಲ ಆ ಪದರದಲ್ಲಿಯೇ ಆಗುವಂತೆ ಏರ್ಪಡಿಸಿರುತ್ತಾರೆ. ಗಣಕವನ್ನು ಆರಿಸಿದೊಡನೆ ಆ ಪದರವು ಇಲ್ಲವಾಗುತ್ತದೆ. ಯಾತ್ರಿಕನು ಛತ್ರದಲ್ಲಿ ಒಂದು ರಾತ್ರಿ ತಂಗಿ, ಮನೆಯವರ ಪೆಟ್ಟಿಗೆಯನ್ನು ಮುಟ್ಟದೆ, ಗೋಡೆಗೆ ಒಂದು ಗೀಟನ್ನೂ ಎಳೆಯದೆ ಬೆಳಗ್ಗೆ ಹೊರಡುವಂತೆ, ಈ ವ್ಯವಸ್ಥೆಯು ಪರರ ಯಂತ್ರದಲ್ಲಿ ವಾಸಮಾಡಿ ಹೊರಟುಹೋಗುತ್ತದೆ. ಹಗುರತನದಲ್ಲಿ ಮತ್ತೊಂದು ಧರ್ಮವೂ ಅಡಗಿದೆ: ಶ್ರೀಮಂತನ ಮಗಳ ಹೊಸ ಯಂತ್ರವೂ ಬಡವನ ಮಗನ ಹಳೆಯ ಯಂತ್ರವೂ ಆ ಆರು ಗಂಟೆಗಳ ಮಟ್ಟಿಗೆ ಒಂದೇ ಮುಖವನ್ನು ತಾಳಿ, ಒಂದೇ ಸಾಧನಗಳನ್ನು ಒಡ್ಡುತ್ತವೆ.

ಆರು ಗಂಟೆಗಳು ಎಂದೆ. ಫಿನ್ಲೆಂಡಿನ ಆ ಪರೀಕ್ಷೆ ಅಷ್ಟು ದೀರ್ಘವಾದುದು. ವಿದ್ಯಾರ್ಥಿಗಳು ಬುತ್ತಿಯನ್ನು ಜೊತೆಗೆ ತರುತ್ತಾರೆ; ಅದರ ಹೊದಿಕೆಯ ಮೇಲೆ ಅಚ್ಚಾದ ಅಕ್ಷರಗಳಿದ್ದರೆ ಆ ಹೊದಿಕೆಯನ್ನು ಕಳಚಿ ಬರಬೇಕು. ಗಣಕಗಳೆಲ್ಲ ತಂತಿಯ ಮೂಲಕ ಆ ಶಾಲೆಯಲ್ಲಿಯೇ ಇರುವ ಒಂದು ಸರ್ವರಿಗೆ ಮಾತ್ರ ಸೇರಿರುತ್ತವೆ. ಮೊದಮೊದಲು ಆ ಸರ್ವರೂ ಅಂಥದೇ ಪೆನ್‌ಡ್ರೈವಿನಿಂದ ಏಳುತ್ತಿತ್ತು. ಬರೆದ ಉತ್ತರವು ಆಗಾಗ ಆ ಸರ್ವರಿನಲ್ಲಿ ದಾಖಲಾಗುತ್ತಲೇ ಇರುವುದರಿಂದ, ನಡುವೆ ಯಾವನಾದರೊಬ್ಬನ ಲ್ಯಾಪ್‌ಟಾಪು ಕೆಟ್ಟರೆ ಅವನು ಬೇರೊಂದು ಯಂತ್ರದ ಮುಂದೆ ಕುಳಿತು ಬಿಟ್ಟಲ್ಲಿಂದ ಮುಂದುವರಿಸಬಹುದು. ಮೇಲ್ವಿಚಾರಕರಾದ ಅಧ್ಯಾಪಕರು ಮೊದಲಿನಂತೆಯೇ ಮಂದಿರದಲ್ಲಿ ಓಡಾಡುತ್ತಿರುತ್ತಾರೆ.

ಇಷ್ಟೆಲ್ಲ ಬಿಗಿಯಾದ ಮೇಲೆ ನನಗೆ ಏಳುವ ಪ್ರಶ್ನೆ ಇದು: ಕದಿಯಲಾರದವನು ಅಸ್ತೇಯವ್ರತಿಯೆ? ದಾರಿಗಳೆಲ್ಲ ಮುಚ್ಚಿಹೋದ ಯಂತ್ರದ ಮುಂದೆ ಕುಳಿತು ತನ್ನ ಬುದ್ಧಿಯಿಂದಲೇ ಉತ್ತರ ಬರೆದ ವಿದ್ಯಾರ್ಥಿಯು ಪ್ರಾಮಾಣಿಕನೆಂದು ಕರೆಯಿಸಿಕೊಳ್ಳಬಹುದೆ, ಅಥವಾ ಅವನ ಪ್ರಾಮಾಣಿಕತೆಯು ಪ್ರಕಟವಾಗುವ ಸಂದರ್ಭವನ್ನೇ ನಾವು ಅವನಿಂದ ಕಿತ್ತುಕೊಂಡೆವೆ? ಪ್ಲೇಟೋವಿನ ‘ರಿಪಬ್ಲಿಕ್’ ಗ್ರಂಥದ ಎರಡನೆಯ ಭಾಗದಲ್ಲಿ ಗ್ಲಾಕನನು ಗೈಜೀಸನ ಉಂಗುರದ ಕಥೆಯನ್ನು ತಂದು, ಧರಿಸಿದವನನ್ನು ಅದೃಶ್ಯನನ್ನಾಗಿ ಮಾಡುವ ಆ ಉಂಗುರವು ದೊರೆತರೆ ನ್ಯಾಯವಂತನೂ ಅನ್ಯಾಯವಂತನೂ ಒಂದೇ ದಾರಿ ಹಿಡಿಯುವರೆಂದು ವಾದಿಸುತ್ತಾನೆ. ಕಾಂಟನು 1785ರಲ್ಲಿ ನೀತಿತತ್ತ್ವದ ಬುನಾದಿಯನ್ನು ಶೋಧಿಸುತ್ತ, ಕರ್ತವ್ಯಕ್ಕೆ ಅನುಸಾರವಾಗಿ ನಡೆಯುವುದು ಒಂದು, ಕರ್ತವ್ಯವೆಂಬ ಕಾರಣಕ್ಕಾಗಿಯೇ ನಡೆಯುವುದು ಬೇರೊಂದು ಎಂದು ವಿಭಾಗಿಸಿ, ಎರಡನೆಯದಕ್ಕೆ ಮಾತ್ರ ನೈತಿಕಮೌಲ್ಯವನ್ನು ಕೊಟ್ಟನು. ನಮ್ಮ ಗೀತೆಯಾದರೋ ತನ್ನ ಮೂರನೆಯ ಅಧ್ಯಾಯದಲ್ಲಿ, ಕರ್ಮೇಂದ್ರಿಯಗಳನ್ನು ಬಿಗಿಹಿಡಿದು ಮನಸ್ಸಿನಲ್ಲಿ ವಿಷಯಗಳನ್ನೇ ಮೆಲುಕುಹಾಕುವವನನ್ನು ಮಿಥ್ಯಾಚಾರನೆಂದು ಕರೆದಿದೆ. ಈ ಮೂವರ ಮಾತನ್ನೂ ಒಟ್ಟಿಗೆ ಹಿಡಿದರೆ ಪೆನ್‌ಡ್ರೈವಿನ ಪರೀಕ್ಷೆಯು ಶೀಲದ ದೃಷ್ಟಿಯಿಂದ ನಿಷ್ಫಲವೆಂದೇ ತೋರಬೇಕು.

ಆದರೆ ಗೀತೆಯು ಮಿಥ್ಯಾಚಾರನೆಂದು ನಿಂದಿಸುವುದು ತನ್ನ ಇಂದ್ರಿಯಗಳನ್ನು ತಾನೇ ತಡೆದು, ಆ ತಡೆಯನ್ನು ಸಾಧನೆಯೆಂದು ಮೆರೆಯಿಸುವವನನ್ನು. ಪರೀಕ್ಷಾರ್ಥಿಯು ತಡೆಯನ್ನು ತಾನಾಗಿ ಹಾಕಿಕೊಂಡವನೂ ಅಲ್ಲ, ಅದರಿಂದ ಪುಣ್ಯವನ್ನು ಬಯಸುವವನೂ ಅಲ್ಲ. ಇಲ್ಲಿ ಜೈನದರ್ಶನದ ಒಂದು ವಿವೇಕವು ನನಗೆ ಬಹಳ ಉಪಕಾರಿಯಾಗಿ ಕಂಡಿದೆ. ಆತ್ಮನೊಳಕ್ಕೆ ಕರ್ಮವು ಹರಿದು ಬರುವುದನ್ನು ಜೈನರು ಆಸ್ರವವೆನ್ನುತ್ತಾರೆ, ಆ ಹರಿವನ್ನು ತಡೆಯುವುದನ್ನು ಸಂವರವೆನ್ನುತ್ತಾರೆ, ಈಗಾಗಲೇ ಒಳಗೆ ಸೇರಿದುದನ್ನು ಉದುರಿಸುವುದನ್ನು ನಿರ್ಜರೆಯೆನ್ನುತ್ತಾರೆ. ಸಂವರವೇ ಮೋಕ್ಷವೆಂದು ಅವರು ಎಲ್ಲಿಯೂ ಹೇಳಲಿಲ್ಲ. ಹಾಗೆಂದು ಬಾಗಿಲುಗಳನ್ನು ತೆರೆದಿಟ್ಟುಕೊಂಡೇ ನಿರ್ಜರೆಗೆ ತೊಡಗೆಂದೂ ಬೋಧಿಸಲಿಲ್ಲ. ತಡೆಗೆ ತನ್ನದೇ ಆದ ಒಂದು ಸ್ಥಾನವಿದೆ, ಆ ಸ್ಥಾನಕ್ಕೆ ಒಂದು ಮಿತಿಯೂ ಇದೆ. ವೈ-ಫೈ, ಬ್ಲೂಟೂತ್, ಹಾರ್ಡ್‌ಡಿಸ್ಕ್ ಎಂಬ ದ್ವಾರಗಳನ್ನು ಮುಚ್ಚಿದ ಯಂತ್ರವು ಸಂವರದ ಕೆಲಸವನ್ನು ಮಾಡಿತು. ಶೀಲವನ್ನು ರೂಪಿಸುವ ಕೆಲಸವನ್ನು ಅದರಿಂದ ಯಾರು ನಿರೀಕ್ಷಿಸಿದರೋ ಆ ತಪ್ಪು ಅವರದು.

ಅಲ್ಲದೆ, ಪರೀಕ್ಷೆಯ ನಿರ್ಬಂಧವು ಯಾರ ಸಲುವಾಗಿ? ಮೋಸಮಾಡಬಹುದಾದವನನ್ನು ತಿದ್ದುವುದಕ್ಕಾಗಿ ಎಂದು ಸಾಮಾನ್ಯವಾಗಿ ಭಾವಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಮುಖ್ಯವಾಗಿ ಇರುವುದು, ಮೋಸಮಾಡಬೇಕೆಂಬ ಆಲೋಚನೆಯೇ ಬಾರದವಳ ಸಲುವಾಗಿ. ರಾತ್ರಿಯೆಲ್ಲ ಕುಳಿತು ಓದಿದ ಹುಡುಗಿಯೊಬ್ಬಳು, ಪಕ್ಕದವನು ಕದ್ದ ಉತ್ತರದಿಂದ ತನಗಿಂತ ಮುಂದೆ ಹೋದನೆಂದು ತಿಳಿದಾಗ ಕಳೆದುಕೊಳ್ಳುವುದು ಒಂದು ಸೀಟನ್ನಷ್ಟೇ ಅಲ್ಲ, ದುಡಿಮೆಗೂ ಫಲಕ್ಕೂ ಸಂಬಂಧವುಂಟೆಂಬ ಶ್ರದ್ಧೆಯನ್ನು. ಎಳೆಯ ವಯಸ್ಸಿನಲ್ಲಿ ಆ ಶ್ರದ್ಧೆ ಒಮ್ಮೆ ಮುರಿದರೆ ಅದನ್ನು ಮತ್ತೆ ಕಟ್ಟುವುದು ಯಾವ ವಿಶ್ವವಿದ್ಯಾಲಯಕ್ಕೂ ಸುಲಭವಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1893ರಲ್ಲಿ ಮೇಲ್ವಿಚಾರಕರನ್ನೇ ಹೊರಗಿರಿಸಿ, ವಿದ್ಯಾರ್ಥಿಗಳ ಪ್ರತಿಜ್ಞೆಯ ಮೇಲೆಯೇ ಪರೀಕ್ಷೆಯನ್ನು ನಡೆಸುವ ಪದ್ಧತಿ ಆರಂಭವಾಯಿತು. ಅದರ ಔದಾರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅಲ್ಲಿಯೂ ವಿದ್ಯಾರ್ಥಿಯು ತಾನು ಮೋಸಮಾಡೆನೆಂದು ಮಾತ್ರವಲ್ಲದೆ, ಪರರ ಮೋಸವು ಕಣ್ಣಿಗೆ ಬಿದ್ದರೆ ಅದನ್ನು ತಿಳಿಸುವೆನೆಂದೂ ಹೊಣೆ ಹೊರಬೇಕಾಯಿತು. ಅಂದರೆ ಅಧ್ಯಾಪಕರ ಕಣ್ಣು ಮಂದಿರದಿಂದ ಹೊರಗೆ ಹೋದಾಗ ಸಹಪಾಠಿಗಳ ಕಣ್ಣು ಆ ಸ್ಥಳಕ್ಕೆ ಬಂದಿತು. ಗೆಳೆಯನನ್ನು ಗೆಳೆಯನ ಕಾವಲುಗಾರನನ್ನಾಗಿ ಮಾಡುವುದಕ್ಕಿಂತ, ಬಾಗಿಲನ್ನೇ ಮುಚ್ಚಿ ಇಬ್ಬರನ್ನೂ ನಿರಾತಂಕವಾಗಿ ಬರೆಯಲು ಬಿಡುವುದು ಮೇಲಲ್ಲವೆ?

ಬಾಗಿಲನ್ನು ಮುಚ್ಚುವುದು ಬೇರೆ, ಮುಖವನ್ನು ದಿಟ್ಟಿಸುವುದು ಬೇರೆ. ಈ ಭೇದವೇ ನನ್ನ ವಿಚಾರಕ್ಕೆ ಕೇಂದ್ರ. 2020ರಲ್ಲಿ ಮಹಾಮಾರಿಯು ಶಾಲೆ ಕಾಲೇಜುಗಳ ಬಾಗಿಲಿಕ್ಕಿಸಿದಾಗ, ಲೋಕದ ಬಹುಭಾಗದಲ್ಲಿ ಪರೀಕ್ಷೆಗಳು ವಿದ್ಯಾರ್ಥಿಗಳ ಮನೆಗೇ ಹೋದವು. ಅಲ್ಲಿ ಅವುಗಳನ್ನು ಕಾಯಲು ಹೊರಟ ಸಾಧನಗಳು ಕ್ಯಾಮೆರಾದ ಮೂಲಕ ವಿದ್ಯಾರ್ಥಿಯ ಮುಖವನ್ನು ಗಂಟೆಗಟ್ಟಲೆ ದಾಖಲುಮಾಡಿಕೊಂಡು, ಅವನ ಕಣ್ಣು ಎತ್ತ ಹೊರಳಿತು, ತುಟಿ ಅಲುಗಿತೆ, ಕೊಠಡಿಯಲ್ಲಿ ಮತ್ತೊಬ್ಬರ ದನಿ ಕೇಳಿತೆ ಎಂದು ಲೆಕ್ಕಹಾಕಿ, ಸಂಶಯದ ಗುರುತುಗಳನ್ನು ಹಾಕತೊಡಗಿದವು. ಕೆಲವೆಡೆ ಪರೀಕ್ಷೆಗೆ ಮೊದಲು ಮಲಗುವ ಮನೆಯನ್ನೆಲ್ಲ ಕ್ಯಾಮೆರಾಕ್ಕೆ ತಿರುಗಿಸಿ ತೋರಿಸಬೇಕಾಯಿತು. ಅಮೆರಿಕದ ಒಹಾಯೋ ಪ್ರಾಂತದ ಫೆಡರಲ್ ನ್ಯಾಯಾಲಯವು 2022ರಲ್ಲಿ, ಸರ್ಕಾರದ ವಿಶ್ವವಿದ್ಯಾಲಯವೊಂದು ಹೀಗೆ ವಿದ್ಯಾರ್ಥಿಯ ಕೊಠಡಿಯನ್ನು ಶೋಧಿಸಿದುದು ಆ ದೇಶದ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಯೋಚಿಸುವವನ ಕಣ್ಣು ಕಿಟಕಿಯ ಕಡೆಗೆ ಹೊರಳುವುದು ಸಹಜ. ಉತ್ತರವನ್ನು ತನ್ನಷ್ಟಕ್ಕೆ ಉಸುರಿಕೊಂಡು ಬರೆಯುವುದೂ ಅನೇಕರ ಅಭ್ಯಾಸ. ಆಲೋಚನೆಯ ಸಹಜಚೇಷ್ಟೆಗಳನ್ನೇ ಅಪರಾಧದ ಚಿಹ್ನೆಗಳೆಂದು ಓದುವ ಯಂತ್ರದ ಮುಂದೆ ಕುಳಿತವನು, ಉತ್ತರದ ಜೊತೆಗೆ ತನ್ನ ನಿರಪರಾಧವನ್ನೂ ಪ್ರತಿಕ್ಷಣ ಅಭಿನಯಿಸಬೇಕಾಗುತ್ತದೆ. 1791ರಲ್ಲಿ ಪ್ರಕಟವಾದ ಬೆಂಥಮನ ಸೆರೆಮನೆಯ ಯೋಜನೆಯಲ್ಲಿ, ನಡುಗೋಪುರದಲ್ಲಿ ಕಾವಲಿನವನು ಇರಲಿ ಇಲ್ಲದಿರಲಿ, ಇರಬಹುದೆಂಬ ಭಾವನೆಯೇ ಬಂದಿಗಳನ್ನು ಆಳಬೇಕೆಂಬ ತತ್ತ್ವವಿತ್ತು. ಪರೀಕ್ಷೆ ಬರೆಯುವ ಮಕ್ಕಳಿಗೆ ಅದನ್ನು ಅನ್ವಯಿಸುವುದು ನನಗೆ ಸಹಿಸಲಾಗದ ಸಂಗತಿ. ಪೆನ್‌ಡ್ರೈವಿನ ವ್ಯವಸ್ಥೆಯಾದರೋ ಯಂತ್ರವನ್ನು ಸಂಶಯಿಸುತ್ತದೆ, ವ್ಯಕ್ತಿಯನ್ನು ದಿಟ್ಟಿಸುವುದಿಲ್ಲ. ವಿದ್ಯಾರ್ಥಿಯು ಅಳಲಿ, ಕಿಟಕಿಯನ್ನು ನೋಡಲಿ, ಕಣ್ಣು ಮುಚ್ಚಿ ಕುಳಿತಿರಲಿ, ಅದಕ್ಕೆ ಅದರ ಗೊಡವೆಯಿಲ್ಲ.

ನೋಡುವ ಕಣ್ಣೆಂಬುದು ಧರ್ಮಚಿಂತನೆಗೆ ಹೊಸ ವಿಷಯವಲ್ಲ. ಕನಕದಾಸರನ್ನು ಕುರಿತು ಕನ್ನಡನಾಡಿನ ಮನೆಮನೆಯಲ್ಲಿಯೂ ಹೇಳುವ ಕಥೆಯೊಂದುಂಟು: ಗುರುಗಳಾದ ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಬಾಳೆಯ ಹಣ್ಣನ್ನು ಕೊಟ್ಟು, ಯಾರೂ ಕಾಣದ ಕಡೆಯಲ್ಲಿ ತಿಂದು ಬನ್ನಿರೆಂದಾಗ, ಉಳಿದವರೆಲ್ಲ ಒಂದೊಂದು ಮರೆಯನ್ನು ಕಂಡುಕೊಂಡು ತಿಂದು ಬಂದರು, ಕನಕರು ಮಾತ್ರ, ದೇವರು ಕಾಣದ ಸ್ಥಳವು ಎಲ್ಲಿಯೂ ದೊರೆಯಲಿಲ್ಲವೆಂದು ಹಣ್ಣನ್ನು ಹಾಗೆಯೇ ಮರಳಿ ತಂದರು. ಬೌದ್ಧರ ಜಾತಕಗಳಲ್ಲಿ 305ನೆಯದಾದ ಸೀಲವೀಮಂಸನ ಜಾತಕದಲ್ಲಿಯೂ ಹತ್ತಿರದ ಬಂಧುವಾದ ಕಥೆಯಿದೆ. ಅಲ್ಲಿ ಆಚಾರ್ಯನು ತನ್ನ ಮಗಳ ಮದುವೆಯ ನೆವದಿಂದ, ಯಾರಿಗೂ ಕಾಣದಂತೆ ವಸ್ತ್ರಾಭರಣಗಳನ್ನು ಕದ್ದು ತರಲು ಶಿಷ್ಯರಿಗೆ ಅಪ್ಪಣೆಮಾಡುತ್ತಾನೆ. ಬೋಧಿಸತ್ತ್ವನಾದ ಶಿಷ್ಯನೊಬ್ಬನು ಬರಿಗೈಯಲ್ಲಿ ಬಂದು, ಪಾಪಕ್ಕೆ ಗೋಪ್ಯವಾದ ಎಡೆಯೇ ಲೋಕದಲ್ಲಿಲ್ಲ, ಬೇರೆ ಯಾರೂ ಇಲ್ಲದ ಕಡೆಯಲ್ಲಿಯೂ ನಾನು ಇದ್ದೇನೆ ಎಂಬ ಅಭಿಪ್ರಾಯವನ್ನು ತಿಳಿಸುತ್ತಾನೆ. ಒಂದರಲ್ಲಿ ನೋಡುವವನು ದೇವರು, ಮತ್ತೊಂದರಲ್ಲಿ ತಾನೇ. ಎರಡರಲ್ಲಿಯೂ ಗುರುವು ಪರೀಕ್ಷೆಯನ್ನು ಒಡ್ಡಿದ್ದು ಕಾವಲನ್ನು ತೆಗೆಯುವುದರ ಮೂಲಕ. ಶೀಲವನ್ನು ಪರೀಕ್ಷಿಸಬೇಕಾದರೆ ಅದೊಂದೇ ದಾರಿ. ವಿದ್ಯೆಯನ್ನು ಪರೀಕ್ಷಿಸುವಾಗಲಾದರೋ ಅದು ದಾರಿಯಲ್ಲ. ಭೂಗೋಳದ ಪರೀಕ್ಷೆಯಲ್ಲಿ ಭೂಗೋಳವನ್ನು ಕೇಳಬೇಕಲ್ಲದೆ ಮಕ್ಕಳ ಮುಂದೆ ಆಸೆಯನ್ನು ಒಡ್ಡಿ ಯಾರು ಬೀಳುವರೆಂದು ನೋಡತಕ್ಕದ್ದಲ್ಲ.

ಕನಕರನ್ನು ತಡೆದ ದೃಷ್ಟಿಗೂ ಕ್ಯಾಮೆರಾದ ದೃಷ್ಟಿಗೂ ಇರುವ ಅಂತರವನ್ನು ಇನ್ನೊಂದು ದಿಕ್ಕಿನಿಂದಲೂ ನೋಡಬಹುದು. ಭಕ್ತನು ದೇವರ ದೃಷ್ಟಿಯಲ್ಲಿ ಆಶ್ರಯವನ್ನು ಕಾಣುತ್ತಾನೆ. ಆ ದೃಷ್ಟಿಯು ಅವನ ಕೃತ್ಯದ ಜೊತೆಗೆ ಅವನ ಸಂಕಟವನ್ನೂ ಬಲ್ಲದು. ಕ್ಯಾಮೆರಾಕ್ಕೆ ಕೃತ್ಯವೂ ಪೂರ್ಣವಾಗಿ ತಿಳಿಯದು, ಸಂಕಟವಂತೂ ತಿಳಿಯುವುದೇ ಇಲ್ಲ. ಆದರೂ ಅದು ಸರ್ವಸಾಕ್ಷಿಯ ಪೀಠವನ್ನೇರಿ ಕುಳಿತುಕೊಳ್ಳುತ್ತದೆ. ಈ ಪೀಠವು ತೆರವಾಗಿದ್ದರೆ ಮಾತ್ರ ವಿದ್ಯಾರ್ಥಿಯ ಅಂತಸ್ಸಾಕ್ಷಿಗೆ ಅಲ್ಲಿ ಕುಳಿತುಕೊಳ್ಳಲು ಅವಕಾಶ. ಅದನ್ನು ತೆರವಾಗಿ ಬಿಟ್ಟಿರುವುದು ಫಿನ್ಲೆಂಡಿನ ವ್ಯವಸ್ಥೆಯಲ್ಲಿ ನಾನು ಕಾಣುವ ಹಿರಿಯ ಗುಣ.

ಇನ್ನು ಯಂತ್ರವು ತನ್ನೊಳಗೆ ಹೊತ್ತಿದೆಯೆಂದು ಮೊದಲೇ ಹೇಳಿದ ಪ್ರಶ್ನೆಗೆ ಬರುತ್ತೇನೆ. ಪೆನ್‌ಡ್ರೈವಿನಿಂದ ಎದ್ದ ಲಿನಕ್ಸು, ತಾನು ನಿಜವಾದ ಯಂತ್ರದ ಮೇಲೆಯೇ ನಿಂತಿದ್ದೇನೆ ಎಂಬುದನ್ನು ಹೇಗೆ ತಿಳಿಯಬೇಕು? ವಿದ್ಯಾರ್ಥಿಯು ಚತುರನಾದರೆ ತನ್ನ ಲ್ಯಾಪ್‌ಟಾಪಿನಲ್ಲಿ ಮೊದಲೇ ಒಂದು ವರ್ಚುವಲ್ ಮೆಷೀನನ್ನು, ಎಂದರೆ ಸಾಫ್ಟ್‌ವೇರಿನಿಂದ ಕಲ್ಪಿತವಾದ ಒಂದು ಗಣಕವನ್ನು ನಿರ್ಮಿಸಿ, ಪರೀಕ್ಷೆಯ ವ್ಯವಸ್ಥೆಯನ್ನು ಅದರೊಳಗೆ ಎಚ್ಚರಗೊಳಿಸಬಹುದು. ಆಗ ಆ ವ್ಯವಸ್ಥೆಯು ಎಲ್ಲ ದ್ವಾರಗಳನ್ನೂ ಮುಚ್ಚಿದೆನೆಂದು ತಿಳಿದು ನಿಶ್ಚಿಂತವಾಗಿರುತ್ತದೆ. ಅದರ ಹೊರಗೆ, ಅದಕ್ಕೆ ಕಾಣದ ಮತ್ತೊಂದು ಜಗತ್ತಿನಲ್ಲಿ ದ್ವಾರಗಳೆಲ್ಲ ತೆರೆದಿರುತ್ತವೆ. 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು ಇಂಥ ಕಲ್ಪಿತಯಂತ್ರದ ಲಕ್ಷಣವನ್ನು ನಿರೂಪಿಸುವಾಗ, ಅದರೊಳಗೆ ನಡೆಯುವ ಪ್ರೋಗ್ರಾಮು ನಿಜಯಂತ್ರದಲ್ಲಿ ನಡೆದಂತೆಯೇ ನಡೆಯಬೇಕು, ಕಾಲದ ಗತಿಯಲ್ಲಿಯೂ ದೊರೆಯುವ ಸಂಪನ್ಮೂಲಗಳಲ್ಲಿಯೂ ಮಾತ್ರ ವ್ಯತ್ಯಾಸವಿರಬಹುದು ಎಂದು ವಿಧಿಸಿದರು. ಹಾಗಾದರೆ ಕಲ್ಪನೆಯು ಎಷ್ಟು ಪರಿಪೂರ್ಣವೋ ಒಳಗಿರುವುದಕ್ಕೆ ಅದನ್ನು ಗುರುತಿಸುವುದು ಅಷ್ಟು ದುಸ್ಸಾಧ್ಯ. 2006ರಲ್ಲಿ ಪೋಲೆಂಡಿನ ಯೊಆನ್ನಾ ರುಟ್ಕೋವ್‌ಸ್ಕಾ ಎಂಬಾಕೆಯು, ನಡೆಯುತ್ತಿರುವ ಸಿಸ್ಟಮನ್ನೇ ಅದಕ್ಕರಿವಾಗದಂತೆ ಇಂಥ ಕಲ್ಪಿತಲೋಕದೊಳಕ್ಕೆ ಜಾರಿಸಿಬಿಡುವ ಪ್ರಯೋಗವನ್ನು ಮಾಡಿ ತೋರಿಸಿದಳು. ಗೌಡಪಾದಾಚಾರ್ಯರು ಮಾಂಡೂಕ್ಯಕಾರಿಕೆಯ ಎರಡನೆಯ ಪ್ರಕರಣದಲ್ಲಿ ಜಾಗ್ರತ್ತಿನ ವಸ್ತುಗಳನ್ನೂ ಸ್ವಪ್ನದ ವಸ್ತುಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಕಾಣಿಸಿಕೊಳ್ಳುವ ಮಟ್ಟಿಗೆ ಇವೆರಡಕ್ಕೂ ಏನು ಭೇದವೆಂದು ಕೇಳಿದ ಪ್ರಶ್ನೆಯೂ, ಡೇಕಾರ್ಟನು 1641ರಲ್ಲಿ ತನ್ನನ್ನು ವಂಚಿಸಬಲ್ಲ ಮಹಾಮಾಯಾವಿಯೊಬ್ಬನನ್ನು ಭಾವಿಸಿ ತನಗೆ ತಾನೇ ಹಾಕಿಕೊಂಡ ಪ್ರಶ್ನೆಯೂ ಇಲ್ಲಿ ಒಂದು ಪೆನ್‌ಡ್ರೈವಿನ ದೈನಂದಿನ ಕಷ್ಟವಾಗಿ ಬಂದು ನಿಂತಿವೆ.

ತಂತ್ರಜ್ಞರು ಇದಕ್ಕೆ ಸುಮ್ಮನೆ ಕೈಚೆಲ್ಲಲಿಲ್ಲ. ಸಾಧನಗಳ ಹೆಸರುಗಳಲ್ಲಿಯೋ ಗತಿಯ ತಾರತಮ್ಯದಲ್ಲಿಯೋ ಕಲ್ಪಿತಯಂತ್ರದ ಸುಳಿವನ್ನು ಹುಡುಕುವ ಕ್ರಮವಿದೆ. ಮತ್ತೊಂದು ಮಾರ್ಗವು ಇನ್ನೂ ಆಳವಾದುದು: ಗಣಕದ ಹಲಗೆಯ ಮೇಲೆ ಒಂದು ಪ್ರತ್ಯೇಕವಾದ ಚಿಪ್ಪನ್ನು ಕೂರಿಸಿ, ಎಚ್ಚರವಾಗುತ್ತಿರುವ ಪ್ರತಿಯೊಂದು ಹಂತವೂ ತನ್ನ ಮುಂದಿನ ಹಂತಕ್ಕೆ ಅಧಿಕಾರವನ್ನು ಒಪ್ಪಿಸುವ ಮೊದಲು ಅದರ ಮುದ್ರೆಯನ್ನು ಲೆಕ್ಕಹಾಕಿ ಆ ಚಿಪ್ಪಿನಲ್ಲಿ ದಾಖಲಿಸುವಂತೆ ಏರ್ಪಡಿಸುವುದು. ಒಮ್ಮೆ ಸೇರಿದ ದಾಖಲೆಯ ಮೇಲೆ ಮುಂದಿನದನ್ನು ಕೂಡಿಸಬಹುದಲ್ಲದೆ ಯಂತ್ರವು ನಡೆಯುತ್ತಿರುವವರೆಗೆ ಹಿಂದಿನದನ್ನು ಅಳಿಸಿ ಬರೆಯಲಾಗದು. ಆದರೆ ಈ ಸರಪಳಿಯ ಮೊದಲ ಕೊಂಡಿಯನ್ನು ಅಳೆದವರು ಯಾರು? ಚಿಪ್ಪನ್ನು ಮಾಡಿದವನನ್ನು ನಂಬಬೇಕು. ಅವನ ಕೀಲಿಗೆ ರುಜು ಹಾಕಿದವನನ್ನು ನಂಬಬೇಕು. ಯೂನಿಕ್ಸಿನ ನಿರ್ಮಾತೃಗಳಲ್ಲೊಬ್ಬನಾದ ಕೆನ್ ಥಾಂಪ್ಸನನು 1984ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಉಪನ್ಯಾಸದಲ್ಲಿ, ಮೂಲಲಿಪಿಯನ್ನು ಅಕ್ಷರ ಅಕ್ಷರವಾಗಿ ಓದಿ ಶುದ್ಧವೆಂದು ಕಂಡರೂ, ಅದನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರಿನಲ್ಲಿಯೇ ವಂಚನೆ ಅಡಗಿರಬಹುದು, ಆ ಕಂಪೈಲರಿನ ಮೂಲಲಿಪಿಯೂ ಶುದ್ಧವಾಗಿಯೇ ಕಾಣಬಹುದು ಎಂದು ತೋರಿಸಿ, ತಾನೇ ಬರೆಯದ ಪ್ರೋಗ್ರಾಮನ್ನು ಪೂರ್ತಿಯಾಗಿ ನಂಬಲು ಯಾವ ಆಧಾರವೂ ಇಲ್ಲವೆಂಬ ನಿಲುವಿಗೆ ಬಂದನು.

ನಮ್ಮ ಶಾಸ್ತ್ರಕಾರರು ಅನವಸ್ಥೆಯೆಂದು ಕರೆದ ದೋಷ ಇದೇ. ಒಂದು ಜ್ಞಾನವು ಪ್ರಮಾಣವೆಂಬುದು ಅದರಿಂದಲೇ ತಿಳಿಯುವುದೆಂದು ಮೀಮಾಂಸಕರು ಹೇಳಿದರೆ, ಬೇರೊಂದರಿಂದ ತಿಳಿಯಬೇಕೆಂದು ನೈಯಾಯಿಕರು ಹೇಳಿದರು. ಬೇರೊಂದರಿಂದಲೇ ಆಗಬೇಕಾದರೆ ಆ ಬೇರೊಂದಕ್ಕೆ ಮತ್ತೊಂದು, ಅದಕ್ಕೆ ಇನ್ನೊಂದು ಎಂದು ಸಾಲು ಬೆಳೆಯುತ್ತ ಹೋಗುವುದಿಲ್ಲವೆ ಎಂಬ ಆಕ್ಷೇಪಕ್ಕೆ ನ್ಯಾಯಪಕ್ಷದ ಉತ್ತರದ ಸಾರವು ವ್ಯವಹಾರದಲ್ಲಿದೆ. ಉದಯನಾಚಾರ್ಯನು ‘ನ್ಯಾಯಕುಸುಮಾಂಜಲಿ’ಯಲ್ಲಿ ಸಂಶಯಕ್ಕೆ ಸ್ವಕ್ರಿಯಾವಿರೋಧವೇ, ಎಂದರೆ ತನ್ನ ನಡತೆಯೊಡನೆಯೇ ಬರುವ ವಿರೋಧವೇ, ಗಡಿಯೆಂದು ನಿರ್ಣಯಿಸಿದನು; ಹಸಿದವನು ಅನ್ನಕ್ಕೆ ಕೈಯಿಕ್ಕಿದ ಮೇಲೆ, ಅನ್ನವು ಹಸಿವನ್ನು ಕಳೆಯುವುದೋ ಇಲ್ಲವೋ ಎಂಬ ಸಂಶಯವನ್ನು ಮಾತಿನಲ್ಲಿ ಹೇಳಬಲ್ಲನಲ್ಲದೆ ಬಾಳಿನಲ್ಲಿ ನಡೆಸಲಾರನು. 13ನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಪರೀಕ್ಷೆಗಳ ಅನವಸ್ಥೆಯನ್ನೇ ನೇರವಾಗಿ ಎತ್ತಿಕೊಂಡು, ಬೇರೊಂದು ದಾರಿಯಿಂದ ಅದನ್ನು ನಿಲ್ಲಿಸಿದರು. ಮನಸ್ಸು ತರುವ ಜ್ಞಾನದಲ್ಲಿ ಸಂಶಯ ಬರಬಹುದು, ಆಗ ಪರೀಕ್ಷೆಯೂ ಬೇಕು; ಆದರೆ ಜೀವಾತ್ಮನ ಸ್ವರೂಪವೇ ಆದ ಸಾಕ್ಷಿಯೆಂಬುದು ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ ಗ್ರಹಿಸುತ್ತದೆ, ತನಗೆ ನೋವಾಯಿತೆ ಸುಖವಾಯಿತೆ ಎಂಬಲ್ಲಿ ಯಾರಿಗೂ ಸಂಶಯ ಬಾರದಂತೆ ಸಾಕ್ಷಿಯ ನಿರ್ಣಯದಲ್ಲಿ ಸಂಶಯಕ್ಕೆ ಎಡೆಯಿಲ್ಲ, ಆದ್ದರಿಂದ ಪರೀಕ್ಷೆಗಳ ಸಾಲು ಅಲ್ಲಿ ಬಂದು ನಿಲ್ಲುತ್ತದೆ ಎಂದು ಅವರ ಸಿದ್ಧಾಂತ. ಬಾಳೆಯ ಹಣ್ಣನ್ನು ಕೊಟ್ಟರೆಂದು ಕಥೆಯು ಹೇಳುವ ವ್ಯಾಸರಾಯರೇ ತಮ್ಮ ‘ತರ್ಕತಾಂಡವ’ದಲ್ಲಿ ಈ ಪ್ರಾಮಾಣ್ಯವಿಚಾರವನ್ನು ನೈಯಾಯಿಕರ ಎದುರಿಗೆ ವಿಸ್ತಾರವಾಗಿ ನಡೆಸಿದವರು. ಕಥೆಯಲ್ಲಿ ಶಿಷ್ಯನ ಶೀಲಕ್ಕೆ ಬೇಕಾದುದೂ, ಗ್ರಂಥದಲ್ಲಿ ಜ್ಞಾನದ ನಿರ್ಣಯಕ್ಕೆ ಬೇಕಾದುದೂ ಹೊರಗಿನ ಮತ್ತೊಂದು ಕಾವಲನ್ನು ಬಯಸದ ದೃಷ್ಟಿಯೇ ಎಂಬುದನ್ನು ನೆನೆದಾಗ, ಆ ಪರಂಪರೆಯಲ್ಲಿ ತರ್ಕವೂ ಭಕ್ತಿಯೂ ಎಷ್ಟು ಹತ್ತಿರದಲ್ಲಿ ನಡೆದುವೆಂದು ನನಗೆ ಹೃದಯ ತುಂಬಿಬರುತ್ತದೆ.

ಯಂತ್ರಕ್ಕೆ ಅಂಥ ಸಾಕ್ಷಿಯಿಲ್ಲ. ಆದ್ದರಿಂದಲೇ ತಂತ್ರಜ್ಞರು ನೈಯಾಯಿಕರ ದಾರಿಯನ್ನು ಹಿಡಿದಿದ್ದಾರೆ. ಒಂದು ಪ್ರಮಾಣವು ಸಾಲದಾದ ಕಡೆ ಅನೇಕರ ಸಂವಾದವನ್ನು ಬೇಡುತ್ತಾರೆ. ಡೆಬಿಯನ್ ಬಳಗದವರು ಬಹುಕಾಲದಿಂದ ನಡೆಸುತ್ತಿರುವ ಒಂದು ಪ್ರಯತ್ನವು ಇಂಥದು: ಬಹಿರಂಗವಾಗಿರುವ ಮೂಲಲಿಪಿಯನ್ನು ಲೋಕದ ಬೇರೆಬೇರೆ ಕಡೆಗಳಲ್ಲಿ ಬೇರೆಬೇರೆ ಜನರು ತಮ್ಮತಮ್ಮ ಯಂತ್ರಗಳಲ್ಲಿ ಕಂಪೈಲ್ ಮಾಡಿದಾಗ, ಹುಟ್ಟುವ ಫಲವು ಒಂದು ಬಿಟ್ ಕೂಡ ವ್ಯತ್ಯಾಸವಿಲ್ಲದಂತೆ ಒಂದೇ ಆಗಿರಬೇಕು, ಆಗಿದ್ದರೆ ನಡುವೆ ಯಾರೋ ಒಬ್ಬರು ಕೈಯಾಡಿಸಿರುವ ಸಂಭವ ಬಹಳ ಕಡಮೆಯಾಗುತ್ತದೆ. ಫಿನ್ಲೆಂಡಿನ ಪರೀಕ್ಷಾಮಂಡಳಿಯೂ 2013ರಲ್ಲಿಯೇ, ಹೊಸ ಪದ್ಧತಿಯು ಬಳಕೆಗೆ ಬರುವುದಕ್ಕೆ ಮೂರು ವರ್ಷ ಮೊದಲು, ಹಾಕಾಬಿ ಎಂಬ ಸ್ಪರ್ಧೆಯನ್ನು ಏರ್ಪಡಿಸಿ, ತಾನು ಕಟ್ಟುತ್ತಿರುವ ವ್ಯವಸ್ಥೆಯನ್ನು ಭೇದಿಸುವ ದಾರಿಗಳನ್ನು ತೋರಿಸಿರೆಂದು ಸಾರ್ವಜನಿಕರನ್ನು ಕರೆಯಿತು. ಸರ್ಕಾರದ ಪರೀಕ್ಷಾಸಂಸ್ಥೆಯೊಂದು ತನ್ನ ದೌರ್ಬಲ್ಯವನ್ನು ಮುಚ್ಚಿಡದೆ, ಕಂಡುಹಿಡಿದವರನ್ನು ಗದರಿಸದೆ, ಅವರನ್ನು ಬಹಿರಂಗವಾಗಿ ಆಹ್ವಾನಿಸಿದುದನ್ನು ನಾನು ಅಪೂರ್ವವಾದ ನಡತೆಯೆಂದು ಎಣಿಸುತ್ತೇನೆ. ರಹಸ್ಯವನ್ನೇ ರಕ್ಷೆಯೆಂದು ನಂಬಿದ ಸಂಸ್ಥೆಗಳು ಇದನ್ನು ಚೆನ್ನಾಗಿ ಗಮನಿಸಬೇಕು.

ಹೀಗಿದ್ದರೂ ಪೆನ್‌ಡ್ರೈವನ್ನು ಸಿದ್ಧಪಡಿಸುವವರು, ಸರ್ವರನ್ನು ಕಾಯುವವರು, ಉತ್ತರಗಳನ್ನು ಮೊದಲು ಓದುವವರು ಮನುಷ್ಯರೇ. ಫಿನ್ಲೆಂಡಿನಲ್ಲಿ ಆ ಮೊದಲ ಓದು ವಿದ್ಯಾರ್ಥಿಯ ಶಾಲೆಯ ಅಧ್ಯಾಪಕರದೇ; ಆಮೇಲೆ ಪರೀಕ್ಷಾಮಂಡಳಿಯ ಪರೀಕ್ಷಕರು ಮತ್ತೆ ಓದಿ ಅಂಕವನ್ನು ನಿಶ್ಚಯಿಸುತ್ತಾರೆ. ತನ್ನ ಶಿಷ್ಯನ ಉತ್ತರವನ್ನು ತೂಗುವ ಆ ಅಧ್ಯಾಪಕನ ಬದಲಿಗೆ ಯಾವ ಸರಪಳಿಯನ್ನೂ ಚಿಪ್ಪನ್ನೂ ಕೂರಿಸಲಾಗಿಲ್ಲ. ಯಂತ್ರವು ಖಾತರಿಪಡಿಸಬಲ್ಲದ್ದು, ಈ ಉತ್ತರವು ಈ ಮಂದಿರದಲ್ಲಿ ಇಂತಿಂಥ ಸಾಧನಗಳ ಸಹಾಯವಿಲ್ಲದೆ ಬರೆದುದು ಎಂಬಷ್ಟನ್ನು. ಅದೂ ಬಹಳ ಸಂಭವವೆಂಬ ಮಟ್ಟಿಗೆ. ಬರೆದವನ ಅಂತರಂಗವನ್ನು ಕುರಿತು ಅದು ಏನನ್ನೂ ಹೇಳಲಾರದು. ಆದ್ದರಿಂದ ಇಂಥ ವ್ಯವಸ್ಥೆಗಳನ್ನು ತರುವ ಯಾವ ಸಂಸ್ಥೆಯಾಗಲಿ ತನ್ನ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದುಕೊಳ್ಳಬೇಕಾದುದೊಂದುಂಟು: ಯಂತ್ರವು ಕಲ್ಪಿತಲೋಕದ ಸುಳಿವು ಸಿಕ್ಕಿತೆಂದು ಕೂಗಿದಾಗ, ಆ ಕೂಗು ವಿಚಾರಣೆಗೆ ಕಾರಣವಾಗಬೇಕಲ್ಲದೆ ತೀರ್ಪಾಗಬಾರದು, ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು, ಅವನು ಹೇಳುವುದನ್ನು ಪೂರ್ತಿಯಾಗಿ ಕೇಳಿ, ನಿರ್ಣಯಕ್ಕೆ ತನ್ನ ಹೆಸರಿನಲ್ಲಿ ರುಜು ಹಾಕುವ ಒಬ್ಬ ಮನುಷ್ಯನು ಅಲ್ಲಿರಬೇಕು.